ಸಾಕ್ಷಿಗೆ ಪಕ್ಕದ ಮನೆಯವಳೇ ಬೇಕು

ಸೋಮವಾರ ಬೆಳಿಗ್ಗೆ ಹತ್ತೂಹತ್ತಕ್ಕೆ ಟೈಲರಮ್ಮ ಠಾಣೆಗೆ ಬಂದು, ಬಟ್ಟೆ ಕತ್ತರಿಸುವ ತನ್ನ ಕತ್ತರಿ ಕಳುವಾಗಿದೆ ಎಂದು ದೂರು ಕೊಟ್ಟಳು. ಒಂದು ಕತ್ತರಿಗೆ ಎಫ್‌ಐಆರೇ ಎಂದು ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡರು. ಆಕೆ ಜಗ್ಗಲಿಲ್ಲ. ಪಂಚನಾಮೆ ಆಗಲೇಬೇಕೆಂದು ಪಟ್ಟು ಹಿಡಿದಳು.

ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಒಬ್ಬ ಮಹಿಳಾ ಪೇದೆಯೊಂದಿಗೆ ಎರಡನೇ ಮಹಡಿಯ ಅವಳ ಕೋಣೆ ತಲುಪಿದರು. ಬೀಗ ಒಡೆದಿರಲಿಲ್ಲ. ಮೇಜಿನ ಮೇಲೆ ಆಗಷ್ಟೇ ಕತ್ತರಿಸಿದ ಅಂಗಿತೋಳುಗಳಿದ್ದವು.

“ಇವನ್ನೇನು ಹಲ್ಲಲ್ಲಿ ಕಚ್ಚಿ ಹರಿದ್ರಾ?” ಎಂದರು ಇನ್ಸ್‌ಪೆಕ್ಟರ್.

“ಸಾಕ್ಷಿಗೆ ಇಬ್ಬರು ಬೇಕಲ್ವಾ ಸಾರ್?” ಎಂದಳು ಟೈಲರಮ್ಮ, ಪ್ರಶ್ನೆ ಕೇಳಿಸದವಳಂತೆ.

“ಕೆಳಗಡೆ ಅಂಗಡಿಯವರನ್ನ ಕರೀತೀವಿ.”

“ಒಬ್ರು ಅವರಿರ್ಲಿ. ಇನ್ನೊಬ್ಬಳು ಪಕ್ಕದ್ಮನೆಯವಳೇ ಆಗ್ಬೇಕು. ಗೋಡೆ ಆಚೆ ಇರೋಳು, ಸದ್ದುಗಿದ್ದು ಕೇಳಿರ್ತಾಳೆ.”

ಪೇದೆ ಪಕ್ಕದ ಬಾಗಿಲು ತಟ್ಟಿದಳು. ಗಂಡ ಅರ್ಧ ಬಾಗಿಲು ತೆರೆದು, ಹೆಂಡತಿಗೆ ಹುಷಾರಿಲ್ಲ ಎಂದ. ಕತ್ತರಿ ಕಳುವಿನ ವಿಷಯ, ಒಂದು ಸಹಿ ಅಷ್ಟೇ ಎಂದಾಗ ಅವನ ಮುಖ ಸಡಿಲವಾಯಿತು. ಹೆಂಡತಿಯನ್ನು ಮುಂದೆ ಬಿಟ್ಟು ಹಿಂದೆಯೇ ಬಂದ.

ಆಕೆ ಪೆನ್ನನ್ನು ಎಡಗೈಯಲ್ಲಿ ಹಿಡಿದಳು.

“ಎಡಚರಾ?”

ಆಕೆ ಗಂಡನ ಮುಖ ನೋಡಿದಳು. ಶಾಲಿನ ಅಡಿಯಲ್ಲಿ ಬಲಗೈ ಬೆರಳುಗಳು ಊದಿ ನೀಲಿಗಟ್ಟಿದ್ದವು.

ಇನ್ಸ್‌ಪೆಕ್ಟರ್ ಅದನ್ನು ಕಂಡೂ ಕಾಣದವರಂತೆ ಕಿಟಕಿಯತ್ತ ತಿರುಗಿದರು. “ಕಳ್ಳ ಯಾವ ಪೈಪ್ ಹಿಡ್ಕೊಂಡು ಹತ್ತಿರಬಹುದು? ನಿಮಗೆ ಈ ಕಟ್ಟಡ ಚೆನ್ನಾಗಿ ಗೊತ್ತಿರುತ್ತೆ. ಬನ್ನಿ, ತೋರ್ಸಿ” ಎಂದು ಗಂಡನನ್ನು ಕೆಳಗಿಳಿಸಿದರು. ಅವನು ಇಪ್ಪತ್ತು ನಿಮಿಷ ಪೈಪುಗಳನ್ನೆಲ್ಲ ಉತ್ಸಾಹದಿಂದ ತೋರಿಸಿದ. ಅಷ್ಟರಲ್ಲಿ ಮೇಲೆ ಪೇದೆ ಬರೆದುಕೊಂಡ ಹೆಂಡತಿಯ ಹೇಳಿಕೆ ಮೂರು ಪುಟ ತುಂಬಿತು. ಎಫ್‌ಐಆರ್ ಆಯಿತು, ಕತ್ತರಿಯದ್ದಲ್ಲ. ಹನ್ನೆರಡೂವರೆಗೆ ಅವನನ್ನು ಬಂಧಿಸಲಾಯಿತು.

“ಹೆಂಡತೀನ ಒಳಗೆ ಬಿಟ್ಟು ಹೊರಗಿಂದ ಬೀಗ ಯಾಕೆ ಹಾಕ್ತಿದ್ದೆ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

“ಬಿಟ್ರೆ ಹೋಗ್ಬಿಡ್ತಾಳೆ ಅಂತ ಭಯ ಸಾರ್.”

ಕಾರಣವೆಂದು ಅವನು ಹೇಳಿದ್ದು ಅದೊಂದೇ.

ಇನ್ಸ್‌ಪೆಕ್ಟರ್ ಮತ್ತೆ ಮೇಲೆ ಬಂದಾಗ ಟೈಲರಮ್ಮ ಕುರ್ಚಿಯ ದಿಂಬಿನಡಿಯಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟಳು. “ಅಳತೆ ತಗೊಳ್ಳೋವಾಗ ಅವಳಿಗೆ ಕೈ ಎತ್ತೋಕೇ ಆಗ್ಲಿಲ್ಲ. ಹೋದ ತಿಂಗಳು ಠಾಣೆಗೆ ಫೋನ್ ಮಾಡ್ದೆ. ನಿಮ್ಮವರು ಬಂದ್ರು, ಬಾಗಿಲಲ್ಲಿ ಅವನ ಮಾತು ಕೇಳ್ಕೊಂಡು ಹೋದ್ರು. ಸುಳ್ಳು ದೂರು ತಪ್ಪೇ. ನನ್ನನ್ನೂ ಕರ್ಕೊಂಡು ಹೋಗಿ.”

ಇನ್ಸ್‌ಪೆಕ್ಟರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆಕೆಯ ಬಗ್ಗೆ ಕೃತಜ್ಞತೆ ಉಕ್ಕಿತು. “ನಾವು ಬಾಗಿಲಿಂದಲೇ ವಾಪಸ್ ಹೋಗಿದ್ವಿ. ನೀವು ಅವಳನ್ನ ಹೊರಗೆ ತಂದ್ರಿ. ದೊಡ್ಡ ಉಪಕಾರ ಆಯ್ತಮ್ಮ” ಎಂದರು. ದೂರಿನ ಕೆಳಗೆ ಬರೆದರು: ವಸ್ತು ಮನೆಯಲ್ಲೇ ಸಿಕ್ಕಿದೆ.

ಸಂಜೆ ಆಸ್ಪತ್ರೆಯಲ್ಲಿ ಬ್ಯಾಂಡೇಜು ಸುತ್ತಿದ ಕೈಯವಳು ಟೈಲರಮ್ಮನನ್ನು ಕಂಡವಳೇ ಎದ್ದು ಕೂತಳು.

“ಅಕ್ಕಾ, ಪಾಪ, ನನ್ನ ಗಲಾಟೇಲಿ ನಿಮ್ಮ ಕೆಲಸ ಕೆಟ್ಟಿತು. ಕತ್ತರಿ ಸಿಕ್ತಾ?”

“ಸಿಕ್ತು ಕಣೇ” ಎಂದಳು ಟೈಲರಮ್ಮ. “ನೀನು ಬಂದಿದ್ದಕ್ಕೇ ಸಿಕ್ತು.”