ದೀಪವಿಲ್ಲದ ಪೆನ್ನಿ

ಅಕ್ಟೋಬರ್ ಕೊನೆಯ ವಾರ. ಚಳಿಗಾಲಕ್ಕೆಂದು ಊರೆಲ್ಲ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮರುದಿನವಾದ್ದರಿಂದ ಸಂಜೆ ಐದಕ್ಕೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಕತ್ತಲಾಗಿತ್ತು. ಪುಟ್ಟ ಚರ್ಚೊಂದರ ಮೇಲಿನ ಕೋಣೆಯಲ್ಲಿ ನಮ್ಮ ನಾಣ್ಯದ ಕ್ಲಬ್ಬು ಸೇರಿತ್ತು. ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ, ಗಾಡಿಯ ಚಕ್ರದಷ್ಟು ದೊಡ್ಡದಾಗಿ, ಒಂದು ಹಳೆಯ ಪೆನ್ನಿ ನಾಣ್ಯದ ಚಿತ್ರ ಮೂಡಿದಾಗ ಕೊನೆಯ ಸಾಲಿನಲ್ಲಿದ್ದ ಹೊರೇಸ್ ಟಿಬ್ಬೆಟ್ಸ್ ಚಹಾದ ಬಟ್ಟಲನ್ನು ಕೆಳಗಿಟ್ಟ. ಲಂಡನ್ನಿನಿಂದ ಭಾಷಣಕ್ಕೆ ಬಂದಿದ್ದವರು, ಇದೇ ಪಾರ್ಗೆಟರ್ ಪೆನ್ನಿ, ಇಂಥದ್ದು ಇನ್ನೊಂದು ಇದುವರೆಗೆ ಯಾರಿಗೂ ಸಿಕ್ಕಿಲ್ಲ ಎಂದರು. ಮುಂದಿನ ಸಾಲಿನಲ್ಲಿ ಸಿರಿಲ್ ಪಾರ್ಗೆಟರ್ ನಾಚಿ ತಲೆ ತಗ್ಗಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರೇಸನೂ ತಟ್ಟಿದ.

ಆ ಹೆಸರು ಟಿಬ್ಬೆಟ್ಸ್ ಪೆನ್ನಿ ಎಂದಾಗಬೇಕಿತ್ತು. ಇಬ್ಬರಿಗೂ ತಲೆಗೂದಲು ಕಪ್ಪಾಗಿದ್ದ ಕಾಲದಲ್ಲಿ, ಹಳೇ ಸಾಮಾನಿನ ಸಂತೆಯಲ್ಲಿ, ತೀರಿಹೋದ ಒಬ್ಬ ಹೊಲಿಗೆಯವಳ ಗುಂಡಿಪೆಟ್ಟಿಗೆಯನ್ನು ಜೊತೆಯಾಗಿ ಕೊಂಡಿದ್ದರು. ತಳದಲ್ಲಿ ಫ್ಲಾನೆಲ್ ಚೂರಿನಲ್ಲಿ ಸುತ್ತಿಟ್ಟ, 1862ನೇ ಇಸವಿಯ ಎರಡು ಪೆನ್ನಿಗಳು. ಟಂಕಸಾಲೆಯಿಂದ ಅಂದೇ ಬಂದಂತೆ ಕೆಂಪಗೆ ಹೊಳೆಯುತ್ತಿದ್ದವು. ಮೊದಲು ಆರಿಸುವ ಸರದಿ ಹೊರೇಸನದು. ಒಂದರ ಮುಂಬದಿಯಲ್ಲಿ, ರಾಣಿಯ ತುರುಬಿನ ಹಿಂದೆ ಕಂದು ಚುಕ್ಕೆಯಿತ್ತು. ಅವನು ಕಲೆಯಿಲ್ಲದ್ದನ್ನು ತೆಗೆದುಕೊಂಡ. ಸಿರಿಲ್ ಉಳಿದದ್ದನ್ನು ಮನೆಗೆ ಒಯ್ದು ಭೂತಗನ್ನಡಿ ಹಿಡಿದು ನೋಡಿದರೆ, ಹಿಂಬದಿಯ ಸಮುದ್ರದ ಚಿತ್ರದಲ್ಲಿ, ಹಡಗುಗಳಿಗೆ ದಾರಿ ತೋರುವ ದೀಪಸ್ತಂಭದ ನೆತ್ತಿಯಲ್ಲಿ ದೀಪವೇ ಇರಲಿಲ್ಲ.

ಎರಡೂ ಒಂದೇ ಅಚ್ಚಿನಿಂದ ಬಿದ್ದವು. ಎರಡರಲ್ಲೂ ಅಂಚಿನಿಂದ ಕೂದಲೆಳೆಯಂಥ ಒಂದು ಉಬ್ಬುಗೆರೆ ಇಳಿದಿತ್ತು. ಅಚ್ಚು ಬಿರುಕು ಬಿಟ್ಟರೆ ಅದರಿಂದ ಬಿದ್ದ ಪ್ರತಿ ನಾಣ್ಯವೂ ಆ ಬಿರುಕನ್ನು ಹೊತ್ತುಕೊಂಡೇ ಬರುತ್ತದೆ. ಅಚ್ಚನ್ನು ಗುರುತಿಸುವುದೇ ಹಾಗೆ. ನಡುವೆ ಟಂಕಸಾಲೆಯಲ್ಲಿ ಯಾರೋ ಅಚ್ಚನ್ನು ಉಜ್ಜಿ ನಯ ಮಾಡಿದ್ದರು. ಹೆಚ್ಚು ಆಳವಿಲ್ಲದ ದೀಪ ಸವೆದು ಹೋಗಿತ್ತು. ಹೊರೇಸನದು ಉಜ್ಜುವ ಮೊದಲಿನದು, ಸಿರಿಲನದು ಉಜ್ಜಿದ ಮೇಲಿನದು. ವ್ಯತ್ಯಾಸ ಅಷ್ಟೇ. ಆದರೆ ಪುಸ್ತಕಗಳಲ್ಲಿ ಹೆಸರು ಬಂದದ್ದು ಆ ಅಷ್ಟಕ್ಕೇ.

ಚಹಾ ಕುಡಿಯುವಾಗ ಕ್ಲಬ್ಬಿನ ಕಾರ್ಯದರ್ಶಿ ಎಂದಿನ ಚಟದಂತೆ ಕೆಣಕಿದ. "ಮೊದಲು ಆರಿಸ್ಕೊಂಡವನು ನೀನೇ ಅಲ್ವೇನಯ್ಯಾ ಹೊರೇಸ್? ಅವತ್ತು ಕಣ್ಣಿಗೆ ರಜಾ ಕೊಟ್ಟಿದ್ದೆ ಅಂತ ಕಾಣುತ್ತೆ."

ಸುತ್ತಲಿದ್ದವರು ನಕ್ಕರು. "ಬಿಡ್ರಪ್ಪಾ, ಅವನು ಚೆಂದ ಇದ್ದದ್ದನ್ನ ತಗೊಂಡ," ಎಂದ ಸಿರಿಲ್. "ನನಗೆ ಕಲೆ ಇದ್ದದ್ದು ಉಳೀತು. ನಂದು ಬರೀ ಅದೃಷ್ಟ."

ಆ ಒಳ್ಳೆಯತನವನ್ನೇ ಹೊರೇಸನಿಗೆ ತಡೆದುಕೊಳ್ಳಲಾಗಲಿಲ್ಲ. ಮನೆಗೆ ಬಂದು, ಒಬ್ಬನಿಗೆ ಬೇಕಾದಷ್ಟು ನೀರನ್ನು ಕೆಟಲಿಗೆ ಹಾಕಿ, ಹೆಂಡತಿ ಐವಿ ತೀರಿಹೋದಂದಿನಿಂದ ಯಾರೂ ಕೂರದ ಕುರ್ಚಿಯ ಎದುರು ಕೂತು, ಅದು ಕುದಿಯುವಷ್ಟರಲ್ಲಿ ನಿಶ್ಚಯಿಸಿಬಿಟ್ಟ. ಆ ಪೆನ್ನಿ ತನ್ನ ಮನೆಯಲ್ಲಿರಬೇಕು. ಯಾರಿಗೂ ತೋರಿಸಬೇಕಿಲ್ಲ, ಮಾರಬೇಕಿಲ್ಲ. ಇದ್ದರೆ ಸಾಕು.

ದಾರಿ ಸುಲಭವಾಗಿತ್ತು. ಅವನು ದುಡಿದದ್ದೆಲ್ಲ ಹಾಕ್ಲಿ ಬಡಾವಣೆಯ ಬ್ಯಾಡ್ಜ್ ಕಾರ್ಖಾನೆಯಲ್ಲಿ, ಅಚ್ಚು ಕೆತ್ತುವ ಕೆಲಸದಲ್ಲಿ. ಕಲಿಯುವ ಕಾಲದಲ್ಲಿ ಉಳಿ ಜಾರಿ ಎಡಗೈ ಹೆಬ್ಬೆರಳನ್ನು ಓರೆಯಾಗಿ ಸೀಳಿದ್ದು ಬಿಟ್ಟರೆ, ಆ ಉಳಿ ಅವನ ಮಾತು ಮೀರಿದ್ದೇ ಇಲ್ಲ. ನಾಣ್ಯಕ್ಕೆ ಇಲ್ಲದ್ದನ್ನು ಸೇರಿಸುವುದು ಕಷ್ಟ, ಇರುವುದನ್ನು ತೆಗೆಯುವುದು ಕಷ್ಟವಲ್ಲ. ಅವನು ತನ್ನದೇ ಪೆನ್ನಿಯನ್ನು ತೆಗೆದುಕೊಂಡ. ಅದೇ ಅಚ್ಚು, ಅದೇ ಗುಂಡಿಪೆಟ್ಟಿಗೆಯಲ್ಲಿ ಅಷ್ಟೇ ವರ್ಷ ಮಲಗಿದ್ದ ಅದೇ ಕೆಂಪು. ಹಗಲು ಬೆಳಕಿನಲ್ಲಿ, ಕಿಟಕಿಯ ಬಳಿ, ದೀಪವನ್ನು ಕೆತ್ತಿ ತೆಗೆದ. ಆ ಜಾಗವನ್ನು ಉಕ್ಕಿನ ಕಡ್ಡಿಯಿಂದ ತೀಡಿ ಸುತ್ತಲಿನ ಹೊಳಪಿಗೆ ಸೇರಿಸಿದ. ಸಿರಿಲನ ಪೆನ್ನಿಯಲ್ಲಿ ಬಿರುಕಿನ ಗೆರೆ ಸ್ವಲ್ಪ ಉದ್ದ, ಏಕೆಂದರೆ ಅಚ್ಚು ಆ ಹೊತ್ತಿಗೆ ಇನ್ನಷ್ಟು ದಣಿದಿತ್ತು. ಇಂಥದ್ದನ್ನೇ ಮರೆತು ಸಿಕ್ಕಿಬೀಳುವವರನ್ನು ಹೊರೇಸ್ ಬಲ್ಲ. ಅವನು ಅಕ್ಕಪಕ್ಕದ ತಾಮ್ರವನ್ನು ಮೆಲ್ಲಗೆ ನೂಕಿ ಗೆರೆಯನ್ನು ಬೇಕಾದಷ್ಟು ಎಬ್ಬಿಸಿದ. ಕೊನೆಗೆ ನಾಣ್ಯಕ್ಕೆಲ್ಲ ಮೇಣ ಬಳಿದು, ತುರುಬಿನ ಹಿಂದೆ ಮಾತ್ರ ಒಂದು ಚುಕ್ಕೆಯಷ್ಟು ಜಾಗ ಬಿಟ್ಟು, ಬೇಯಿಸಿದ ಮೊಟ್ಟೆಯ ಹಳದಿಯ ಜೊತೆ ಮುಚ್ಚಿಟ್ಟ. ಕಂದು ಕಲೆ ತಾನಾಗಿ ಹತ್ತಿತು. ಮೇಣ ತೆಗೆದು ಭೂತಗನ್ನಡಿ ಹಿಡಿದು ನೋಡಿದಾಗ ಅವನಿಗೆ ತನ್ನ ಮೇಲೇ ಗೌರವ ಬಂತು.

ಸಿರಿಲನ ಕಣ್ಣುಗಳಿಗೆ ಆ ವರ್ಷ ಪೊರೆ ಬಂದಿತ್ತು. ಹೊರೇಸ್ ವಾರಕ್ಕೊಮ್ಮೆ ಹೋಗಿ ಅವನಿಗೆ ಹರಾಜಿನ ಪಟ್ಟಿಗಳನ್ನು ಓದಿ ಹೇಳುತ್ತಿದ್ದ. ಬಾಗಿಲು ತೆರೆಯುತ್ತಿದ್ದವಳು ಸಿರಿಲನ ಜೊತೆಗಿದ್ದ ವಿಧವೆ ತಂಗಿ ವಿನಿ. ನವೆಂಬರಿನ ಆ ಗುರುವಾರವೂ ಅವಳೇ ತೆರೆದಳು.

"ಬಾರಪ್ಪಾ. ನಿನ್ನೆ ನಿನ್ನ ಗೆಳೆಯ ಬಿಸ್ಕತ್ತಿನ ಅಂಚು ಹಿಡ್ಕೊಂಡು ಇಸವಿ ಹುಡುಕ್ತಾ ಇದ್ದ."

"ಸಿಕ್ಕಿತು ಕಣೇ," ಎಂದ ಒಳಗಿನಿಂದ ಸಿರಿಲ್. "ನಿನ್ನ ಬಿಸ್ಕತ್ತು ರಾಣಿಯಮ್ಮನ ಕಾಲದ್ದು."

ನಾಣ್ಯದ ಬೀರುವನ್ನು ತೆರೆಯಲು ಹೊರೇಸ್ ಕೇಳಬೇಕಾಗಿರಲಿಲ್ಲ, ಅದು ಎಂದಿನ ರೂಢಿ. ಕೈಗವಸು ಹಾಕಿಕೊಂಡರೆ ಅನುಮಾನ. ನಮ್ಮಲ್ಲಿ ಯಾರೂ ಹಾಕುವುದಿಲ್ಲ. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯುವುದನ್ನು ಕ್ಲಬ್ಬಿಗೆ ಬಂದ ಮೊದಲ ದಿನವೇ ಕಲಿಸುತ್ತೇವೆ. ಸಿರಿಲ್ ತನ್ನ ನಾಣ್ಯಗಳನ್ನೆಲ್ಲ ರಾಣಿಯ ಮುಖ ಮೇಲಾಗಿ ಇಡುತ್ತಿದ್ದ, ಹೆಂಗಸನ್ನು ಬೋರಲು ಮಲಗಿಸಬಾರದಂತೆ. ಹೊರೇಸ್ ಬಲಗೈಯಿಂದ ನಿಜವಾದುದನ್ನು ಅಂಚು ಹಿಡಿದೆತ್ತಿ ಜೇಬಿಗಿಳಿಸಿದ. ಎಡಗೈಯಿಂದ ತನ್ನದನ್ನು ಅದೇ ಗುಂಡು ಕುಳಿಗೆ ಇಳಿಸಿದ. ಎರಡು ಅಡಿ ದೂರದಲ್ಲಿ ಸಿರಿಲ್ ಬೆಂಕಿಯ ಕಡೆ ಮುಖ ಮಾಡಿ ಕೂತಿದ್ದ.

ಅಷ್ಟರಲ್ಲಿ ಅಡುಗೆಮನೆಯಿಂದ ವಿನಿ ಹೇಳಿದಳು: "ಹೊರೇಸ್, ಇನ್ನು ಮೇಲೆ ಗುರುವಾರದ ಊಟ ನಿಂದು ಇಲ್ಲೇ. ನಿನ್ನ ತಟ್ಟೆ ಇಟ್ಟಾಯ್ತು, ಇಲ್ಲ ಅನ್ಬೇಡ."

ನಿನ್ನ ತಟ್ಟೆ ಎಂಬ ಮಾತು ಅವನ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಅವನು ಅಡುಗೆಮನೆಯ ಕಡೆ ತಿರುಗಿ ನೋಡಿದ. ಪೆನ್ನಿ ಕುಳಿಯಲ್ಲಿ ಓರೆಯಾಗಿ ನಿಂತಿತ್ತು. ಅದನ್ನು ಒತ್ತಿ ಕೂರಿಸಿ, ಬೀರು ಮುಚ್ಚಿ, ಊಟಕ್ಕೆ ಹೋದ. ಕುರಿಮಾಂಸದ ಸ್ಟ್ಯೂ ಇತ್ತು.

ಚಳಿಗಾಲ ಕಳೆಯಿತು. ಮಧ್ಯಾಹ್ನಗಳಲ್ಲಿ ಹೊರೇಸ್ ಕಿಟಕಿಯ ಬಳಿ ಪಾರ್ಗೆಟರ್ ಪೆನ್ನಿಯನ್ನು ನೋಡುತ್ತ ಕೂರುತ್ತಿದ್ದ, ಹೊರಗೆ ಹೋಗುವಾಗ ಅದನ್ನು ಒಳಜೇಬಿನಲ್ಲೇ ಒಯ್ಯುತ್ತಿದ್ದ. ದೀಪವಿಲ್ಲದ ಸ್ತಂಭ, ಅದರ ಆಚೆ ಸಮುದ್ರ, ಒಂದು ಹಡಗು. ನೋಡಿದ್ದನ್ನು ಹೇಳಿಕೊಳ್ಳಲು ಒಬ್ಬನೇ ಒಬ್ಬ ಮನುಷ್ಯನಿದ್ದ, ಅವನಿಗೆ ಹೇಳುವಂತಿರಲಿಲ್ಲ. ಬರಬರುತ್ತ ಅವನು ಪೆನ್ನಿಗಿಂತ ಗುರುವಾರವನ್ನೇ ಕಾಯತೊಡಗಿದ. ತಿರುಗಿ ಇಟ್ಟುಬಿಡಲೇ ಎಂದು ಒಮ್ಮೆ ಅನ್ನಿಸಿತ್ತು. ಆದರೆ ಅದಕ್ಕಿಂತ ದೊಡ್ಡ ಇನ್ನೊಂದು ಆಸೆ ಹುಟ್ಟಿತ್ತು: ದೇಶದಲ್ಲೇ ಸೂಕ್ಷ್ಮವಾದ ಸಿರಿಲನ ಆ ಕಣ್ಣುಗಳು ತನ್ನ ಕೆಲಸವನ್ನು ನೋಡಿ ನಿಜವೆಂದು ಒಪ್ಪಬೇಕು. ಆಮೇಲೆ ತನಗೆ ಯಾರ ಚಪ್ಪಾಳೆಯೂ ಬೇಡ.

ಆಸ್ಪತ್ರೆ ಎಂದರೆ ಸಿರಿಲನಿಗೆ ಭಯ. ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ಪೊರೆ ತೆಗೆಸಿಕೋ ಎಂದು ವಾರವಾರ ಬೆನ್ನು ಹತ್ತಿದವನು ಹೊರೇಸನೇ. ಬಸ್ಸಿನಲ್ಲಿ ಕೈ ಹಿಡಿದು ಕರೆದೊಯ್ದ, ಕರೆತಂದ. ಇಂಥ ಗೆಳೆಯ ಯಾರಿಗುಂಟು ಎಂದು ವಿನಿ ಕಣ್ಣೊರೆಸಿಕೊಂಡಳು.

ಈಸ್ಟರ್ ಹಬ್ಬದ ಹಿಂದಿನ ವಾರ ಸಿರಿಲನಿಗೆ ದಪ್ಪ ಕನ್ನಡಕ ಬಂತು. ಗುರುವಾರ ಹೊರೇಸ್ ಹೋದಾಗ ಮೂರು ತಟ್ಟೆಗಳು ಇಟ್ಟಿದ್ದವು. ಮೇಜಿನ ಮೇಲೆ ಫ್ಲಾನೆಲ್ ಚೂರು, ಅದರ ಮೇಲೆ ಆ ಪೆನ್ನಿ, ಹಿಂಬದಿ ಮೇಲಾಗಿ. ಪಕ್ಕದಲ್ಲಿ ಭೂತಗನ್ನಡಿ. ವಿನಿ ಮೇಜಿನ ಆಚೆ ನಿಂತಿದ್ದಳು.

"ನೋಡು," ಎಂದ ಸಿರಿಲ್. "ಈಗ ನಂಗೆ ಎಲ್ಲಾ ಕಾಣುತ್ತೆ."

ಹೊರೇಸ್ ಭೂತಗನ್ನಡಿ ಹಿಡಿದು ನೋಡಿದ. ಸ್ತಂಭದ ನೆತ್ತಿ ನಯವಾಗಿತ್ತು, ಗೆರೆಯ ಉದ್ದ ಸರಿಯಾಗಿತ್ತು. "ನಿನ್ನ ಪೆನ್ನಿ ಚೆನ್ನಾಗಿದೆ ಕಣೋ," ಎಂದ.

"ಈ ಕಡೆ ಯಾರು ನೋಡಿದ್ರೂ ನಂದೇ ಅಂತಾರೆ. ನಾನೂ ಅಂದಿದ್ದೆ. ಈಗ ರಾಣಿಯಮ್ಮನ ಕಡೆ ತಿರುಗಿಸು."

ಹೊರೇಸ್ ತಿರುಗಿಸಿದ. ಹೊಸ ತಾಮ್ರಕ್ಕೆ ಬೆರಳು ತಾಗಿದರೆ ಅಂದು ಏನೂ ಕಾಣುವುದಿಲ್ಲ. ಬೆವರಿನ ಉಪ್ಪು ಒಳಗೊಳಗೇ ಕೆಲಸ ಮಾಡಿ, ತಿಂಗಳುಗಳು ಕಳೆದ ಮೇಲೆ ಕಪ್ಪಗೆ ಮೇಲೇಳುತ್ತದೆ. ಹೊಸಬರಿಗೆ ಅಂಚು ಹಿಡಿಯಲು ಕಲಿಸುವುದು ಅದಕ್ಕೇ. ಕಲಿಸುತ್ತಿದ್ದವರಲ್ಲಿ ಅವನೂ ಒಬ್ಬ. ರಾಣಿಯ ಕೆನ್ನೆಯ ಮೇಲೆ, ಕಿವಿಯಿಂದ ಗಲ್ಲದವರೆಗೆ, ಒಂದು ಹೆಬ್ಬೆರಳಿನ ಗೆರೆಗಳು ಸುತ್ತುಸುತ್ತಾಗಿ ಎದ್ದಿದ್ದವು. ಅವುಗಳ ನಡುವೆ ಓರೆಯಾಗಿ, ಗೆರೆಗಳನ್ನೆಲ್ಲ ಕಡಿದುಕೊಂಡು, ಒಂದು ಖಾಲಿ ಗೀಟು ಹಾದುಹೋಗಿತ್ತು. "ಯಾವ ಅಚ್ಚಿಂದ ಬಿದ್ದದ್ದು ಅಂತ ನಾನು ಹೇಳ್ಬೇಕಾ ಹೊರೇಸ್?" ಎಂದು ಸಿರಿಲ್ ಮೆಲ್ಲಗೆ ಕೇಳಿದ. ಹೊರೇಸ್ ತನ್ನ ಎಡಗೈಯನ್ನು ಮೇಜಿನ ಕೆಳಗಿಳಿಸಿದ. ಆಮೇಲೆ ಒಳಜೇಬಿನಿಂದ ನಿಜವಾದ ಪೆನ್ನಿಯನ್ನು ಅಂಚು ಹಿಡಿದು ತೆಗೆದು ಫ್ಲಾನೆಲ್ಲಿನ ಮೇಲಿಟ್ಟ, ರಾಣಿಯ ಮುಖ ಮೇಲಾಗಿ. ವಿನಿ ಮೂರನೆಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಅವನು ಟೋಪಿ ಹಾಕಿಕೊಂಡು ಹೊರಟುಹೋದ. ಅದು ಗುಡ್ ಫ್ರೈಡೆಯ ಹಿಂದಿನ ದಿನ, ಚರ್ಚಿನವರು ಕೊನೆಯ ಊಟದ ದಿನ ಎನ್ನುವ ಗುರುವಾರ.