ಚೌಕದ ಹೊರಗಿನವನು

"ನಾನು ಕಳ್ಳಿ ಅಲ್ಲ!"

ಬಾಗಿಲು ತೆರೆದವನ ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ.

ಅವನ ಮುಖವನ್ನು ಅವಳು ನೋಡಿದ್ದು ಇದೇ ಮೊದಲು. ಬೆನ್ನು ಮಾತ್ರ ಚೆನ್ನಾಗಿ ಗೊತ್ತಿತ್ತು. ಅವಳ ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗಿನ ಮಹಡಿಯ ಬಾಲ್ಕನಿ. ದಿನಾ ಬೆಳಿಗ್ಗೆ ಅಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವ ಬೆನ್ನು. ಕತ್ತಿನ ಹಿಂದೆ ಯಾವಾಗಲೂ ಹೊರಗೆ ಇಣುಕುವ ಅಂಗಿಯ ಬಿಳಿ ಲೇಬಲ್ಲು.

ಈಗ ಅದೇ ಮನುಷ್ಯ ಎದುರಿಗೆ, ಮುಖಸಮೇತ...

ಅವಳು ಫೋನನ್ನು ಅವನ ಮೂಗಿನವರೆಗೂ ಹಿಡಿದಳು. ಪರದೆಯಲ್ಲಿ ಅಕ್ಕಪಕ್ಕ ಎರಡು ಚಿತ್ರ. ಒಂದು ಅವನ ಫೋಟೋ: ಎದುರು ಕಟ್ಟಡದ ಕಬ್ಬಿಣದ ಮೆಟ್ಟಿಲು, ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡ ನೀಲಿ ಚಾದರ. ಇನ್ನೊಂದು ಅವಳು ಎಣ್ಣೆಬಣ್ಣದಲ್ಲಿ ಬರೆದದ್ದು: ಅದೇ ಮೆಟ್ಟಿಲು, ಅದೇ ಚಾದರ, ಅದೇ ಉಬ್ಬು! ಕೆಳಗೆ ಹೆಸರಿಲ್ಲದ ಒಂದು ದೂರು: 'ಫೋಟೋ ನೋಡಿ ನಕಲು ಮಾಡಿ, ನನ್ನ ಕಿಟಕಿಯಿಂದ ಕಂಡದ್ದು ಎಂದು ಸುಳ್ಳು ಹೇಳಿದ್ದಾರೆ.'

"ನೀವೇ ತಾನೆ ದೂರು ಕೊಟ್ಟಿದ್ದು?"

ಅವನು ಒಂದು ಬೆರಳೆತ್ತಿ, ತಾಳಿ ಎಂದು ಸನ್ನೆ ಮಾಡಿ ಒಳಗೆ ಓಡಿದ.

'ಬಾಯಿ ತೊಳೆಯೋಷ್ಟರಲ್ಲಿ ಒಂದು ಕಥೆ ಕಟ್ಕೊಂಡು ಬರ್ತಾನೆ...' ಎಂದುಕೊಂಡಳು. ಅವನು ಬರುವುದರೊಳಗೆ ಅವಳು ಮೆಟ್ಟಿಲು ಹತ್ತಿಯಾಗಿತ್ತು.

ದೂರು ಬಂದದ್ದು ಫೋನಿನೊಳಗಿನ ಒಂದು ಚಿತ್ರಬಳಗದಲ್ಲಿ. ಅವಳು ಸೇರಿ ವರ್ಷಗಳಾಗಿದ್ದವು. ಬಳಗ ನಡೆಸುವವರು ಜಲವರ್ಣದ ಒಬ್ಬ ಹಿರಿಯರು, ಎಲ್ಲರಿಗೂ ದೊಡ್ಡಮ್ಮ. ಅವರ ಕಟ್ಟುನಿಟ್ಟು ಒಂದೇ: ಮೊದಲು ಬೇರೆಯವರ ಚಿತ್ರದ ಬಗ್ಗೆ ಮನಸ್ಸಿಟ್ಟು ಎರಡು ಮಾತು ಬರೆಯಬೇಕು, ಆಮೇಲೆ ನಿಮ್ಮದನ್ನು ತೋರಿಸಬೇಕು. "ಬರೀ ತನ್ನ ತುತ್ತೂರಿ ಊದೋನ ಹತ್ರ ಯಾರೂ ನಿಲ್ಲಲ್ಲ ಕಣ್ರೋ!" ಎನ್ನುತ್ತಿದ್ದರು.

ಅವಳು ನಿಷ್ಠೆಯಿಂದ ಬರೆದಳು. ತನ್ನ ಚಿತ್ರಗಳಿಗೆ ಮೆಚ್ಚುಗೆ ಬಂದದ್ದು ಮಾತ್ರ ಅಕ್ಕನಿಂದ, ಮತ್ತೆ ಅಕ್ಕನೇ ಇನ್ನೊಂದು ಹೆಸರಿನಲ್ಲಿ ತೆರೆದ ಖಾತೆಯಿಂದ!

ಈ ವಾರ ಮೊದಲ ಸಲ ಅವಳ ಚಿತ್ರ ಬಳಗದ ಮುಖಪುಟ ಏರಿತ್ತು. ಯಾರ್ಯಾರೋ ಅಪರಿಚಿತರು ಅದರ ಮುಂದೆ ನಿಂತು ಮಾತಾಡಿದ್ದರು. ಒಂದೇ ರಾತ್ರಿಯಲ್ಲಿ ಕಳ್ಳಿ ಎಂಬ ಹೆಸರು ಬಂತು.

ದೊಡ್ಡಮ್ಮನ ದನಿ ಫೋನಿನಲ್ಲಿ ಕೇಳಿಸಿತ್ತು: "ಮಗಳೇ, ನೀನು ಹಾಕಿರೋದು ಚೌಕವಾಗಿ ಕತ್ತರಿಸಿದ ಚಿತ್ರ. ಪೂರ್ತಿ ಕ್ಯಾನ್ವಾಸಿನ ಫೋಟೋ ಹಾಕು. ಸಂಜೆಯೊಳಗೆ ಬರದಿದ್ರೆ ನಾನು ತೆಗೀಲೇಬೇಕಾಗುತ್ತೆ, ನಿನ್ನ ಹೆಸರನ್ನೂ."

ಪೂರ್ತಿ ಕ್ಯಾನ್ವಾಸು... ಅದೊಂದನ್ನು ಬಿಟ್ಟು ಏನನ್ನಾದರೂ ಕೇಳಬಾರದಿತ್ತೇ!

ಹಲ್ಲಿನ ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಕೂತು, ಬಂದವರಿಗೆ ಹೆದರಬೇಡಿ ಎನ್ನುವುದು ಅವಳ ಕೆಲಸ. ಇವತ್ತು ಕೆನ್ನೆ ಊದಿಸಿಕೊಂಡು ಬಂದ ಹೆಂಗಸೊಬ್ಬರು ಅವಳ ಕೈ ಹಿಡಿದರು.

"ಕೀಳೋದು ನನ್ನ ಹಲ್ಲಮ್ಮಾ. ನೀನ್ಯಾಕೆ ನಡುಗ್ತಿದ್ದೀಯ?"

ಮಧ್ಯಾಹ್ನವೇ ರಜೆ ಹಾಕಿ ಮನೆಗೆ ಬಂದಳು. ಅಕ್ಕ ಕ್ಯಾನ್ವಾಸಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಪೂರ್ತಿ ಚಿತ್ರ ಹಾಕೋಕೇನು ಧಾಡಿ ನಿನಗೆ?"

"ಆಗಲ್ಲಕ್ಕ."

"ಯಾಕೆ ಆಗಲ್ಲ? ಈ ಎಡಗಡೆ..." ಅಕ್ಕ ಬಗ್ಗಿ ನೋಡಿದಳು. ಮೂಲೆಯಲ್ಲಿ ಒಂದು ಬಾಲ್ಕನಿ. ಅದರಲ್ಲಿ ಕ್ಯಾಮೆರಾ ಹಿಡಿದು ನಿಂತ ಒಂದು ಬೆನ್ನು. "ಅಯ್ಯೋ ನಿನ್ನ! ಮೆಟ್ಟಿಲನ್ನ ನಾಲ್ಕು ಗೀಟಲ್ಲಿ ಮುಗಿಸಿದ್ದೀಯ. ಈ ಕತ್ತಿನ ಕೂದಲನ್ನ ಒಂದೊಂದಾಗಿ ಬರೆದಿದ್ದೀಯಲ್ಲೇ!"

ಅವಳು ಮುಖ ಮುಚ್ಚಿಕೊಂಡಳು.

ಫೋನಿನಲ್ಲಿ ಚೌಕವೇ ಬೇಗ ಕಣ್ಣಿಗೆ ಬೀಳುತ್ತದೆ ಎಂದು ಬಳಗದವರು ಹೇಳಿದ್ದು ನಿಜ. ಆದರೆ ಅವಳಿಗೆ ಅದು ನೆಪ. ಕತ್ತರಿಸಬೇಕಾಗಿದ್ದದ್ದು ಅವನನ್ನು.

"ದಡ್ಡಿ, ಫೋಟೋ ತೆಗೆಯೋನು ಅವನ ಫೋಟೋದಲ್ಲೇ ಇರೋಕಾಗುತ್ತಾ? ನಿನ್ನ ಚಿತ್ರದಲ್ಲಿದ್ದಾನೆ! ಕಿಟಕೀಲಿ ಕೂತು ಬರೆದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?"

"ಅವನೂ ಬಳಗದಲ್ಲಿದ್ದಾನಕ್ಕ... ನೋಡ್ತಾನೆ. ಎಲ್ಲರೂ ನೋಡ್ತಾರೆ. ನಗ್ತಾರೆ!"

"ಕಳ್ಳಿ ಅನ್ನಿಸಿಕೊಳ್ತೀಯೋ, ಮನಸ್ಸು ಕೊಟ್ಟೋಳು ಅನ್ನಿಸಿಕೊಳ್ತೀಯೋ? ನೀನೇ ನೋಡ್ಕೋ." ಅಕ್ಕ ಚಪ್ಪಲಿ ಮೆಟ್ಟಿ ಹೊರಟೇಹೋದಳು.

ಬೆಳಕು ಕಿಟಕಿಯಿಂದ ಜಾರುತ್ತಿತ್ತು. ಎದುರು ಮೆಟ್ಟಿಲಿನ ಮೇಲೆ ಯಾರೋ ಚಾದರ ತೆಗೆದು ಮಡಚಿದರು. 'ಅವನು ನಕ್ಕರೆ? ಬೇರೆ ಯಾರಿಗೋ ತೋರಿಸಿ ನಕ್ಕರೆ?'

ಫೋಟೋ ತೆಗೆದಳು. ಕಣ್ಣು ಮುಚ್ಚಿ 'ಹಾಕು' ಒತ್ತಿಬಿಟ್ಟಳು. ಇಡೀ ಕ್ಯಾನ್ವಾಸು. ಬೆನ್ನು, ಕತ್ತು, ಲೇಬಲ್ಲು... ಎಲ್ಲ.

ಫೋನನ್ನು ದಿಂಬಿನಡಿ ತುರುಕಿದಳು. ಕೈ ಸುಮ್ಮನಿರಲಿಲ್ಲ; ತಟ್ಟೆಯಲ್ಲಿದ್ದ ನೀಲಿ ಬಣ್ಣವನ್ನು ಬೆರಳಿನಿಂದಲೇ ಕಲಸಿದಳು, ಇನ್ನಷ್ಟು ಕಲಸಿದಳು. ದಿಂಬು ಗುಂಯ್‌ಗುಟ್ಟಿತು. ಫೋನನ್ನು ಹೊರಗೆಳೆದಳು.

ದೊಡ್ಡಮ್ಮ ಬರೆದಿದ್ದರು: 'ಚಿತ್ರ ಮುಖಪುಟದಲ್ಲೇ ಇರುತ್ತದೆ, ಇನ್ನು ಪೂರ್ತಿಯಾಗಿ. ಈ ಬೆನ್ನಿನ ಯಜಮಾನರು ಬೆಳಿಗ್ಗೆಯೇ ನನಗೆ ಬರೆದಿದ್ದರು. ಮೇಲಿನ ಮನೆಯವರು ನಕಲು ಮಾಡಿಲ್ಲ, ದೂರು ಕೊಟ್ಟವರು ಬೇರೆ ಯಾರೋ, ತಾವಲ್ಲ ಎಂದು. ಅವರ ಮಾತು ನಂಬಿದೆ, ಆದರೆ ಬಳಗಕ್ಕೆ ತೋರಿಸಲು ಸಾಕ್ಷಿ ಬೇಕಿತ್ತು.'

ಬೆಳಿಗ್ಗೆಯೇ! 'ಹಾಗಾದರೆ ನಾನು ಬೈದದ್ದು...'

ಬಾಗಿಲು ತಟ್ಟಿದ ಸದ್ದು.

"ಈಗ ಬಾಯಿ ಖಾಲಿ ಇದೆ," ಎಂದ ಅವನು. "ಮಾತಾಡಬಹುದಾ?"

"ಬೆಳಿಗ್ಗೆ ನಾನು... ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ."

"ಬೈಯೋಕಾದ್ರೂ ಬಂದ್ರಲ್ಲ! ನನ್ನ ಬಾಲ್ಕನಿ ಕಂಬಿ ಮೇಲೆ ನೀಲಿ ಬಣ್ಣದ ಹನಿ ಬಿದ್ದಾಗಿಂದ ಕಾಯ್ತಿದ್ದೆ. ಮೇಲೆ ಯಾರೋ ಚಿತ್ರ ಬರೀತಾರೆ, ಒರೆಸೋಕೆ ಬಂದೇ ಬರ್ತಾರೆ ಅಂತ."

"ನೀವೇ ಒರೆಸ್ಕೋಬಾರದಿತ್ತಾ?"

"ಒರೆಸಿದ್ರೆ ನೀವು ಬರೋಕೆ ಕಾರಣವೇ ಇರ್ತಿರಲಿಲ್ಲವಲ್ಲ." ಅವನು ಅವಳ ಕಿಟಕಿಯತ್ತ ಕಣ್ಣು ಹಾಯಿಸಿದ. "ಇಷ್ಟು ದಿನ ನೋಡಿದ್ರಿ. ಒಂದ್ ಸಲ ಕರೀಬಹುದಿತ್ತು."

"ಕರೆದ್ರೆ ತಿರುಗ್ತಿದ್ರಿ."

"ತಿರುಗಿದ್ರೆ?"

"ನನ್ನ ಮುಖ ನೋಡಿ ನಿಮಗೆ ಎಲ್ಲಾ ಗೊತ್ತಾಗಿಬಿಡ್ತಿತ್ತು..."

ಅವನು ಮೆಲ್ಲನೆ ಬೆನ್ನು ತಿರುಗಿಸಿ ನಿಂತ. ಲೇಬಲ್ಲು ಹೊರಗೇ ಇತ್ತು.

"ಚಿತ್ರ ನೋಡಿದ ಮೇಲೂ ಸರಿ ಮಾಡ್ಕೊಂಡಿಲ್ವಾ?"

"ಬರೆದವರೇ ಸರಿ ಮಾಡ್ಲಿ ಅಂತ."

ಅವಳು ಕೈ ಚಾಚಿದಳು. ಅರ್ಧಕ್ಕೆ ನಿಲ್ಲಿಸಿದಳು.

"ಬೆರಳಲ್ಲಿ ಬಣ್ಣ ಇದೆ... ಅಂಗಿಗೆ ಅಂಟುತ್ತೆ."

"ಅಂಟ್ಲಿ ಬಿಡಿ."