ಹಸಿರು ದೀಪದ ಗಂಜಿ

ಫಕೀರಪ್ಪನ ಪಾದದ ಗಾಯಕ್ಕೆ ಅಂಟಿಸಿದ್ದ ಪಟ್ಟಿಯ ದೀಪ ಅಂದೂ ಹಸಿರಾಗಿಯೇ ಇತ್ತು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಆ ಪಟ್ಟಿ, ಗಾಯದಿಂದ ಒಸರುವ ನೀರನ್ನು ಹೀರಿ ರೋಗಿ ಏನು ತಿಂದಿದ್ದಾನೆಂದು ಪತ್ತೆ ಹಚ್ಚುತ್ತಿತ್ತು. ಆಯುರ್ವೇದವು ಗಾಯಕ್ಕೆ ಅಪಥ್ಯವೆಂದ ಮೊಸರು, ಬೆಲ್ಲ, ಎಳ್ಳು, ಉದ್ದು, ಹೊಸ ಅಕ್ಕಿ ಯಾವುದು ಹೊಟ್ಟೆ ಸೇರಿದರೂ ದೀಪ ಕೆಂಪಾಗಿ ಆಸ್ಪತ್ರೆಗೆ ಸುದ್ದಿ ಮುಟ್ಟುತ್ತಿತ್ತು. ೨೦೬೦ರ ಹೊತ್ತಿಗೆ ನಾಡಿನ ಆಸ್ಪತ್ರೆಗಳೆಲ್ಲ ಅದನ್ನೇ ನೆಚ್ಚಿಕೊಂಡಿದ್ದವು.

ಪಟ್ಟಿಯನ್ನು ಕಂಡುಹಿಡಿದ ಮಂದಾಕಿನಿ ಹಂದಿಗೋಳ ಮಾತ್ರ ಆಸ್ಪತ್ರೆಯ ಪರದೆಯಲ್ಲಿ ಆ ಹಸಿರನ್ನು ಕಂಡು ಹುಬ್ಬು ಗಂಟಿಕ್ಕಿದಳು. ಪಥ್ಯ ಇಷ್ಟು ಚೊಕ್ಕವಾಗಿದ್ದರೂ ಸಕ್ಕರೆ ಕಾಯಿಲೆಯವನ ಗಾಯ ಕೂಡುತ್ತಿಲ್ಲ. ಮರುದಿನ ಪಾದ ತೆಗೆಯುವುದೆಂದು ಶಸ್ತ್ರವೈದ್ಯರು ನಿಶ್ಚಯಿಸಿದ್ದರು. ಎಲ್ಲೋ ಮೋಸ ನಡೆದಿದೆ ಎನಿಸಿತು ಅವಳಿಗೆ. ಉಣ್ಣುವ ಹೊತ್ತಿಗೆ ಪಟ್ಟಿ ಕಿತ್ತು ಬೇರೆ ಯಾರ ಗಾಯಕ್ಕೋ ಅಂಟಿಸುತ್ತಿರಬೇಕು. ಇಲ್ಲವೇ ಹೆಂಡತಿ ದೀಪವನ್ನೇ ಕೆಡಿಸಿರಬೇಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಊಟದ ಹೊತ್ತು ನೋಡಿಯೇ ಅವಳು ಹೇಳದೆ ಕೇಳದೆ ಹಳೇ ಹುಬ್ಬಳ್ಳಿಯ ಆ ಮನೆಗೆ ಹೋದಳು. ಮೊದಲು ಫಕೀರಪ್ಪನ ಪಟ್ಟಿಯ ಅಂಚು ತಡವಿದಳು. ಕಿತ್ತ ಗುರುತಿಲ್ಲ, ಗಾಯ ಕೊಳೆತ ವಾಸನೆಯೂ ಇಲ್ಲ. ನೇರ ಅಡುಗೆಮನೆಗೆ ನುಗ್ಗಿ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆಯತೊಡಗಿದಳು. ಅವನ ಹೆಂಡತಿ ಶಂಕ್ರವ್ವ ಬಾಗಿಲಲ್ಲಿ ಬಂದು ನಿಂತಳು.

“ಏನ್ ಹುಡಕಾಕತ್ತೀರಿ ಮೇಡಮ್ಮಾರ? ಕಳವು ಮಾಡೀನಂತ ತಿಳಿದೀರೇನು?”

“ಇವರಿಗೆ ಉಣ್ಣಾಕ ಏನ್ ಕೊಡ್ತೀರಿ? ಖರೇ ಹೇಳ್ರಿ.”

ಶಂಕ್ರವ್ವ ಒಂದು ಬಟ್ಟಲನ್ನು ಮುಂದಿಟ್ಟಳು. ಗಂಜಿ ಎಷ್ಟು ತೆಳ್ಳಗಿತ್ತೆಂದರೆ ಬಟ್ಟಲಿನ ತಳ ಕಾಣುತ್ತಿತ್ತು.

“ಇಷ್ಟನ?”

“ಇಷ್ಟರಿ. ಮೊದಲೊಮ್ಮೆ ಚೂರು ಮೊಸರು ಹಾಕಿದ್ದೆ, ದೀಪ ಕೆಂಪಾತು. ದವಾಖಾನಿಯವ್ರು ಫೋನ್ ಮಾಡಿ ಬಾಯಿಗೆ ಬಂದಂಗ ಬೈದ್ರು. ಬದನಿಕಾಯಿ ನಂಜು ಅಂತ ಮೊದಲ ಬಿಟ್ಟಿದ್ವಿ. ಆಮ್ಯಾಲ ಬ್ಯಾಳಿ ಬಿಟ್ವಿ, ತುಪ್ಪ ಬಿಟ್ವಿ. ಯಾವುದರಾಗ ಏನೈತೋ ಯಾರಿಗ್ಗೊತ್ತರಿ? ಈ ಗಂಜಿಗೆ ಮಾತ್ರ ಅದು ಏನೂ ಅನ್ನಂಗಿಲ್ಲ.”

ಒಳಗಿನಿಂದ ಫಕೀರಪ್ಪನ ದನಿ ಬಂತು. “ಹಸಿವಿಗೆ ಜೀವ ಹೋಗಾಕತ್ತೈತ್ರಿ. ಕಾಲ್ ಉಳದ್ರ ಸಾಕಂತ ತಡ್ಕೊಂಡೀನಿ.”

ಮಂದಾಕಿನಿಗೆ ನಾಚಿಕೆಯಾಯಿತು. ಮೊಸರು, ಬೆಲ್ಲ ಬೇಡವೆಂದ ಅದೇ ಹಳೆಯ ಆಯುರ್ವೇದ ಗ್ರಂಥಗಳು ಹಳೆ ಅಕ್ಕಿಯ ಮೆತ್ತನೆಯ ಅನ್ನ, ಹೆಸರುಬೇಳೆಯ ಕಟ್ಟು, ತುಪ್ಪ, ದಾಳಿಂಬೆ, ನೆಲ್ಲಿಕಾಯಿ ಕೊಡಿರೆಂದೂ ಹೇಳಿದ್ದವು. ಕೂಡಬೇಕಾದ ಮಾಂಸಕ್ಕೆ ಅನ್ನವೇ ಆಧಾರ. ಅವಳು ಪಟ್ಟಿಗೆ ಕಲಿಸಿದ್ದು ಗುಮಾನಿಯನ್ನಷ್ಟೇ. ಉಪವಾಸವೆಂದರೇನೆಂದು ಅದಕ್ಕೆ ತಿಳಿದೇ ಇರಲಿಲ್ಲ.

ಅಲ್ಲಿಂದಲೇ ಶಸ್ತ್ರವೈದ್ಯರಿಗೆ ಫೋನ್ ಮಾಡಿದಳು. “ನಾಳೆ ಕಾಲು ತೆಗೀಬ್ಯಾಡ್ರಿ.”

“ದೀಪ ಏನಂತದ?”

“ಹಸಿರು.”

“ಮತ್ತ? ಊಟದಾಗ ತಪ್ಪಿಲ್ಲ ಅಂದಂಗಾತಲ್ಲ.”

“ಊಟನ ಇಲ್ರಿ! ಗಾಯ ಕೊಳತಿಲ್ಲ, ಕೂಡವಲ್ದು ಅಷ್ಟ. ಒಂದು ವಾರ ಉಣಿಸಿ ನೋಡೂಣು. ಏನ್ ಉಂಡೀಯಪ್ಪಾ ಅಂತ ನೀವು ಒಮ್ಮೆರ ಕೇಳಿದ್ರೇನು?”

“ಅದನ್ನ ಕೇಳಾಕನ ಅಲ್ಲೇನ್ರಿ ನಿಮ್ಮ ಪಟ್ಟಿ ಇರೂದು?” ಎಂದರು ಅವರು. ಆಮೇಲೆ, “ಆತು, ಒಂದು ವಾರ,” ಎಂದು ಫೋನ್ ಇಟ್ಟರು.

ಶಂಕ್ರವ್ವ ಹೆಸರುಬೇಳೆ ತೊಳೆಯತೊಡಗಿದಳು. ಏನು ಉಂಡೆ ಎಂದು ವೈದ್ಯರು ಕೇಳುವುದನ್ನು ಬಿಟ್ಟದ್ದು ತನ್ನ ಪಟ್ಟಿ ಬಂದ ಮೇಲೆಯೇ ಏನು ಎಂದು ಮಂದಾಕಿನಿ ಯೋಚಿಸಿದಳು. ಹೌದೆಂದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಪಟ್ಟಿ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಅದನ್ನು ಕೇಳುವವರು ಕಡಿಮೆಯಾಗಿದ್ದರು.